ಚಳಿ ಶುರುವಾದಾಗಿನಿಂದ ಮೊಸರು ಲೋಳೆ ಲೋಳೆ, ಏನು ಮಾಡಲಿ?

ಹೊಸಮನೆ:
ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ದಾವಣಗೆರೆಯಿಂದ ಬೆಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಯಲಹಂಕದ ಕಡೆ ಮನೆ. ಬೇಸಿಗೆಯಲ್ಲಿ ನಾನು ಹೆಪ್ಪು ಹಾಕಿದ ಮೊಸರು ಚೆನ್ನಾಗಿಯೇ ಇರುತ್ತಿತ್ತು. ಡಿಸೆಂಬರ್ ಬಂದ ಮೇಲೆ ಪೂರ್ತಿ ಕೈಕೊಟ್ಟಿದೆ. ರಾತ್ರಿ ಹತ್ತಕ್ಕೆ ಹೆಪ್ಪು ಹಾಕಿದರೆ ಬೆಳಿಗ್ಗೆ ಏಳಕ್ಕೂ ಹಾಲು ಹಾಲಾಗಿಯೇ ಇರುತ್ತದೆ. ಹನ್ನೊಂದು ಗಂಟೆ ಹೊತ್ತಿಗೆ ಹೆಪ್ಪಾದಂತೆ ಕಾಣುತ್ತದೆ, ಆದರೆ ಚಮಚದಲ್ಲಿ ಎತ್ತಿದರೆ ನೂಲಿನ ಹಾಗೆ ಎಳೆಯುತ್ತದೆ. ರುಚಿ ಕೆಟ್ಟಿಲ್ಲ, ವಾಸನೆಯೂ ಇಲ್ಲ. ಬಾಯಿಗೆ ಇಟ್ಟರೆ ಮಾತ್ರ ಬೆಂಡೆಕಾಯಿ ಲೋಳೆ ಥರ.

ನಾನು ಮಾಡುವುದು ಹೀಗೆ: ಅರ್ಧ ಲೀಟರ್ ನೀಲಿ ಪ್ಯಾಕೆಟ್ ಹಾಲು. ಉಕ್ಕು ಬಂದ ತಕ್ಷಣ ಆಫ್ ಮಾಡುತ್ತೇನೆ. ಉಗುರುಬೆಚ್ಚಗೆ ಆದ ಮೇಲೆ ಒಂದು ಚಮಚ ಹಿಂದಿನ ದಿನದ ಮೊಸರು ಹಾಕಿ ಕಲಸಿ, ಸ್ಟೀಲ್ ಡಬ್ಬದಲ್ಲಿ ಅಡುಗೆಮನೆ ಕಟ್ಟೆ ಮೇಲೆ ಇಡುತ್ತೇನೆ. ಅಮ್ಮ ಇದೇ ಥರ ಮಾಡುತ್ತಿದ್ದರು. ಅವರ ಮೊಸರನ್ನು ಚಾಕುವಿನಲ್ಲಿ ಕತ್ತರಿಸಬಹುದಿತ್ತು. ನಮ್ಮ ಮಾವನವರಿಗೆ ಊಟದ ಕೊನೆಗೆ ಮೊಸರನ್ನ ಬೇಕೇ ಬೇಕು. ಹದಿನೈದು ದಿನದಿಂದ ಅಂಗಡಿ ಮೊಸರು ತರುತ್ತಿದ್ದೇವೆ. ಅವರು ಏನೂ ಅನ್ನುವುದಿಲ್ಲ, ನನಗೇ ಸಂಕಟ.

ಮೈಸೂರು_ಅಜ್ಜಿ:
ಮಗಳೇ, ಹಾಲು ಬೇಗ ತಣ್ಣಗಾಗಿದೆ, ಅಷ್ಟೇ. ಚಳಿಗಾಲದಲ್ಲಿ ಉಗುರುಬೆಚ್ಚಗೆ ಸಾಲದು. ಇನ್ನೂ ಸ್ವಲ್ಪ ಬಿಸಿ ಇರುವಾಗಲೇ ಹೆಪ್ಪು ಹಾಕು. ಹೆಪ್ಪು ಕೂಡ ಜಾಸ್ತಿ ಬೇಕು. ಬೇಸಿಗೆಗೆ ಒಂದು ಚಮಚ ಆದರೆ ಈಗ ಎರಡು.

ಕಟ್ಟೆ_ಕಾಯುವವ:
ಕಟ್ಟೆ ಗ್ರಾನೈಟಿನದಾ? ಹಾಗಿದ್ದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಗ್ರಾನೈಟ್ ಮೇಲೆ ಕೈ ಇಟ್ಟು ನೋಡಿ, ಎಷ್ಟು ತಣ್ಣಗಿರುತ್ತದೆ. ಡಬ್ಬದ ಬಿಸಿಯನ್ನು ಅದೇ ಎಳೆದುಕೊಳ್ಳುತ್ತದೆ. ಕೆಳಗೆ ಒಂದು ಮಡಚಿದ ಟವೆಲ್ ಆದರೂ ಹಾಕಿ.

ಹೊಸಮನೆ:
ಹೌದು, ಗ್ರಾನೈಟೇ. ಇದು ತಲೆಗೇ ಹೊಳೆದಿರಲಿಲ್ಲ. ದಾವಣಗೆರೆ ಮನೆಯಲ್ಲಿ ಅಮ್ಮ ಮರದ ಕಪಾಟಿನೊಳಗೆ ಇಡುತ್ತಿದ್ದರು.

ಡೈರಿ_ಮನುಷ್ಯ:
ಹೆಬ್ಬಾಳದ ಡೈರಿ ಸೈನ್ಸ್ ಕಾಲೇಜಿನಲ್ಲಿ ಓದಿದವನು ನಾನು, ಕೆಲಸವೂ ಅದೇ ಕ್ಷೇತ್ರದಲ್ಲಿ. ಅಜ್ಜಿ ಹೇಳಿದ್ದು ಸರಿ, ಆದರೆ ಲೋಳೆ ಯಾಕೆ ಬಂತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮನೆಯ ಹೆಪ್ಪಿನಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಇರುವುದಿಲ್ಲ. ಕೆಲವಕ್ಕೆ 40ರಿಂದ 45 ಡಿಗ್ರಿ ಬಿಸಿ ಇಷ್ಟ, ಕೆಲವಕ್ಕೆ 25ರಿಂದ 30 ಸಾಕು. ಹಾಲು ಬೆಚ್ಚಗಿದ್ದರೆ ಮೊದಲ ಗುಂಪು ಬೇಗ ಬೆಳೆದು ಹಾಲಿನ ಸಕ್ಕರೆಯನ್ನು ಹುಳಿ ಮಾಡುತ್ತದೆ. ಹುಳಿ ಏರಿ ಪಿಎಚ್ 4.6ರ ಹತ್ತಿರ ಬರುವ ಹೊತ್ತಿಗೆ ಹಾಲಿನ ಕೇಸಿನ್ ಅನ್ನುವ ಪ್ರೋಟೀನ್ ಒಂದಕ್ಕೊಂದು ಕೈಹಿಡಿದು ಬಲೆ ಕಟ್ಟುತ್ತದೆ. ಅದೇ ಹೆಪ್ಪುಗಟ್ಟುವುದು. ಹಾಲು ತಣ್ಣಗಿದ್ದರೆ ಆ ಗುಂಪು ಸೋಮಾರಿಯಾಗುತ್ತದೆ. ಉಳಿದವು ನಿಧಾನಕ್ಕೆ ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಅಂಟಿನಂಥ ಪದಾರ್ಥ ಬಿಡುತ್ತವೆ. ನಿಮ್ಮ ಚಮಚಕ್ಕೆ ನೂಲಾಗಿ ಬರುತ್ತಿರುವುದು ಅದೇ.

ಮುಖ್ಯ ವಿಷಯ ಇಲ್ಲಿದೆ. ಲೋಳೆ ಮೊಸರನ್ನೇ ಮರುದಿನಕ್ಕೆ ಹೆಪ್ಪು ಹಾಕಿದರೆ ಆ ಅಂಟಿನ ಗುಂಪನ್ನೇ ದಿನಾ ಸಾಕಿದ ಹಾಗೆ. ಹದಿನೈದು ದಿನ ಹಾಗೆ ಮಾಡಿದ್ದರೆ ಈಗ ಬಿಸಿ ಸರಿಮಾಡಿದರೂ ಲೋಳೆ ಪೂರ್ತಿ ಹೋಗದೇ ಇರಬಹುದು. ಹೆಪ್ಪು ಬದಲಿಸಿ.

ಹುಬ್ಬಳ್ಳಿ_ಗಡಿಗೆ:
ಹಾಲೇ ಬದಲಿಸಬೇಕು ಅಂತ ನಾನು ಹೇಳುತ್ತೇನೆ. ನಮ್ಮ ಕಡೆ ಎಮ್ಮೆ ಹಾಲು, ಮಣ್ಣಿನ ಗಡಿಗೆ. ಲೋಳೆ ಅನ್ನುವ ಮಾತೇ ಇಲ್ಲ. ಕೊಲ್ಹಾರದ ಮೊಸರು ತಿಂದಿದ್ದೀರಾ? ವಿಜಯಪುರ ಜಿಲ್ಲೆ, ಕೃಷ್ಣಾ ನದಿ ದಂಡೆ. ಬಸ್ಸು ನಿಂತರೆ ಗಡಿಗೆ ಹಿಡಿದುಕೊಂಡು ಮಾರಲು ಬರುತ್ತಾರೆ. ಗಡಿಗೆ ಓರೆ ಮಾಡಿದರೂ ಮೊಸರು ಅಲ್ಲಾಡುವುದಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೇಲೆ ಆ ಮೊಸರು. ಪ್ಯಾಕೆಟ್ ಹಾಲಿನಲ್ಲಿ ಅದು ಬರಲು ಸಾಧ್ಯವೇ ಇಲ್ಲ.

ಡೈರಿ_ಮನುಷ್ಯ:
ಗಟ್ಟಿತನ ಬೇರೆ, ಲೋಳೆ ಬೇರೆ. ಎಮ್ಮೆ ಹಾಲಿನಲ್ಲಿ ಕೊಬ್ಬೂ ಜಾಸ್ತಿ, ಪ್ರೋಟೀನೂ ಜಾಸ್ತಿ, ಅದಕ್ಕೆ ಗಟ್ಟಿ. ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಕೊಬ್ಬು ಶೇ 3. ಫುಲ್ ಕ್ರೀಮ್ ಅಂದರೆ ಶೇ 6. ಮೊಸರು ತೆಳ್ಳಗಿದೆ ಅಂತ ಕೇಳಿದ್ದರೆ ಹಾಲು ಬದಲಿಸಿ ಅನ್ನುತ್ತಿದ್ದೆ. ಅವರು ಕೇಳಿದ್ದು ನೂಲು ಎಳೆಯುವುದರ ಬಗ್ಗೆ. ತಣ್ಣಗಿಟ್ಟರೆ, ಹೆಪ್ಪಿನಲ್ಲಿ ಅಂಟು ಬಿಡುವ ಜಾತಿ ಇದ್ದರೆ, ಎಮ್ಮೆ ಹಾಲಿನಲ್ಲೂ ನೂಲು ಬರುತ್ತದೆ.

ಹುಬ್ಬಳ್ಳಿ_ಗಡಿಗೆ:
ಒಪ್ಪಿದೆ. ಆದರೆ ಗಡಿಗೆ ವಿಷಯ ಬಿಡುವುದಿಲ್ಲ. ಮಣ್ಣು ನೀರು ಹೀರುತ್ತದೆ, ಮೊಸರು ಗಟ್ಟಿ ಬರುತ್ತದೆ. ಇದು ನಮ್ಮ ಅವ್ವ ಹೇಳಿದ್ದು, ಕಣ್ಣಾರೆ ಕಂಡಿದ್ದು.

ಕಟ್ಟೆ_ಕಾಯುವವ:
ಗಡಿಗೆ ನೀರನ್ನು ಹೊರಗೆ ಬಿಟ್ಟು ಆರಿಸುವುದರಿಂದಲೇ ಒಳಗಿನದು ತಂಪಾಗುತ್ತದೆ. ಮಡಕೆ ನೀರು ತಣ್ಣಗಿರುವುದು ಅದಕ್ಕೇ ಅಲ್ವಾ? ವಿಜಯಪುರದ ಬಿಸಿಲಿಗೆ ಅದು ವರ. ಯಲಹಂಕದ ಡಿಸೆಂಬರ್ ರಾತ್ರಿಗೆ ಅಲ್ಲ.

ಹುಬ್ಬಳ್ಳಿ_ಗಡಿಗೆ:
ಇದು ಸರಿಯಾದ ಮಾತು. ಚಳಿಗೆ ಅವ್ವ ಗಡಿಗೆಯನ್ನು ಒಲೆ ಪಕ್ಕ ಬೆಚ್ಚನೆ ಬೂದಿ ಮೇಲೆ ಕೂರಿಸಿ ಗೋಣಿಚೀಲ ಹೊದಿಸುತ್ತಿದ್ದಳು. ಸುಮ್ನೆ ನೆಲದ ಮೇಲೆ ಇಡುತ್ತಿರಲಿಲ್ಲ.

ಮಡಿಕೇರಿ_ಮಳೆ:
ಚಳಿ ಬಗ್ಗೆ ನಮ್ಮನ್ನು ಕೇಳಿ! ಇಲ್ಲಿ ಜುಲೈ, ಆಗಸ್ಟಿನಲ್ಲೂ ಹೆಪ್ಪಾಗುವುದಿಲ್ಲ. ನಾನು ಮಾಡುವುದು ಹಾಟ್‌ಬಾಕ್ಸ್. ಚಪಾತಿ ಇಡುವ ಕ್ಯಾಸರೋಲ್ ಇರುತ್ತದಲ್ಲ, ಅದೇ. ಮೊದಲು ಅದಕ್ಕೆ ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ. ಒಳಗೆ ಬಿಸಿಯಾಗಿರಬೇಕು. ಆಮೇಲೆ ಹೆಪ್ಪು ಹಾಕಿದ ಹಾಲು ಹಾಕಿ ಮುಚ್ಚಳ ಮುಚ್ಚಿ. ಅದರ ಮೇಲೆ ಹಳೆ ಸ್ವೆಟರ್. ಐದಾರು ಗಂಟೆಗೆ ಆಗುತ್ತದೆ.

ರಾಯಚೂರು_ಬಿಸಿಲು:
ನಮಗೆ ಉಲ್ಟಾ ಕಷ್ಟ. ಮೇ ತಿಂಗಳಲ್ಲಿ ಮೂರು ಗಂಟೆಗೇ ಆಗಿಬಿಡುತ್ತದೆ. ಸ್ವಲ್ಪ ಮರೆತರೆ ಹಲ್ಲು ಚುಳ್ ಅನ್ನುವಷ್ಟು ಹುಳಿ, ಮೇಲೆ ನೀರು ಬೇರೆ. ನಾನು ಅರ್ಧ ಲೀಟರಿಗೆ ಕಾಲು ಚಮಚ ಹೆಪ್ಪು ಮಾತ್ರ ಹಾಕುತ್ತೇನೆ. ಹುಳಿಯಾದದ್ದನ್ನು ಮಜ್ಜಿಗೆ ಮೆಣಸಿನಕಾಯಿಗೆ ಎತ್ತಿಡುತ್ತೇನೆ.

ಮೈಸೂರು_ಅಜ್ಜಿ:
ನಾವು ಅದಕ್ಕೆ ಬಾಳಕ ಅನ್ನುತ್ತೇವೆ. ಮಜ್ಜಿಗೆ ಹುಳಿಯಾದಷ್ಟೂ ಬಾಳಕ ರುಚಿ.

ಸೀಮೆಹಸು_ಸಾಕಿದವ:
ಯಾರೂ ಹೇಳದ ಒಂದು ಕಾರಣ ಹೇಳುತ್ತೇನೆ. ನಮ್ಮ ಮನೆಯಲ್ಲಿ ಎರಡು ಹಸು. ಹೋದ ವರ್ಷ ಒಂದಕ್ಕೆ ಕೆಚ್ಚಲು ಬಾವು ಬಂದು ಆಂಟಿಬಯೋಟಿಕ್ ಇಂಜೆಕ್ಷನ್ ಆಯಿತು. ಇಷ್ಟು ದಿನ ಹಾಲು ಉಪಯೋಗಿಸಬೇಡಿ ಅಂತ ಡಾಕ್ಟರು ಹೇಳಿದ್ದರು. ನಮ್ಮ ಅಮ್ಮ ಹಾಲು ಚೆಲ್ಲಲು ಮನಸ್ಸಾಗದೆ ಒಂದು ಪಾತ್ರೆಗೆ ಹೆಪ್ಪು ಹಾಕಿದರು. ಎರಡು ದಿನ ಇಟ್ಟರೂ ಹೆಪ್ಪಾಗಲಿಲ್ಲ. ಕೆಚ್ಚಲಿನ ರೋಗಾಣು ಕೊಲ್ಲುವ ಔಷಧಿ ಹೆಪ್ಪಿನ ಜೀವವನ್ನೂ ಕೊಲ್ಲುತ್ತದೆ. ಬಿಡಿ ಹಾಲು ತೆಗೆದುಕೊಳ್ಳುವವರು, ಇದ್ದಕ್ಕಿದ್ದಂತೆ ಮೊಸರು ಆಗುವುದು ನಿಂತರೆ ಹಾಲು ಕೊಡುವವರನ್ನು ಒಂದು ಮಾತು ಕೇಳಿ. ಗಲಾಟೆ ಮಾಡಲು ಅಲ್ಲ, ತಿಳಿದುಕೊಳ್ಳಲು.

ಡೈರಿ_ಮನುಷ್ಯ:
ತುಂಬಾ ಒಳ್ಳೆಯ ಮಾತು. ಡೈರಿಗಳಲ್ಲಿ ಆಂಟಿಬಯೋಟಿಕ್ ಪರೀಕ್ಷೆ ಇರುವುದಕ್ಕೆ ಇದೂ ಒಂದು ಕಾರಣ. ಆ ಗಡುವು ಮುಗಿಯುವವರೆಗೆ ಹಾಲು ಚೆಲ್ಲುವುದು ಹೊಟ್ಟೆಗೆ ಉರಿಯುತ್ತದೆ, ಆದರೂ ಚೆಲ್ಲಲೇಬೇಕು.

ಮ್ಯೂನಿಕ್_ಮನೆ:
ಜರ್ಮನಿಯಲ್ಲಿ ಏಳು ವರ್ಷ. ಇಲ್ಲಿ ಮೊದಲ ಕಷ್ಟ ಹೆಪ್ಪಿನದು. ಅಂಗಡಿಯಲ್ಲಿ ಸಿಗುವ ಎಷ್ಟೋ ಮೊಸರಿನ ಮೇಲೆ 'ಯೊಗುರ್ಟ್ ಮಿಲ್ಡ್' ಅಂತ ಇರುತ್ತದೆ. ಅದರಲ್ಲಿ ಬಲ್ಗಾರಿಕಸ್ ಬದಲು ಆಸಿಡೋಫಿಲಸ್ ಥರದ ಬ್ಯಾಕ್ಟೀರಿಯಾ ಹಾಕಿರುತ್ತಾರೆ. ಹೆಪ್ಪಾಗುತ್ತದೆ, ಆದರೆ ನಮ್ಮ ಹುಳಿ ಬರುವುದೇ ಇಲ್ಲ. ಎರಡು ವರ್ಷ ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ. 'ಮಿಲ್ಡ್' ಅಂತ ಇಲ್ಲದ ಡಬ್ಬ ತಂದ ದಿನ ನಮ್ಮ ಮನೆ ಮೊಸರಿನ ರುಚಿ ಬಂತು. ಹೆಪ್ಪಾದ ಮೇಲೆ ಮತ್ತೆ ಕಾಯಿಸಿದ ಮೊಸರೂ ಸಿಗುತ್ತದೆ. ಅದರಲ್ಲಿ ಜೀವ ಇರುವುದಿಲ್ಲ, ಹೆಪ್ಪಿಗೆ ತರಬೇಡಿ. ಬಿಸಿಗೆ ಓವನ್ ಒಳಗಿನ ಲೈಟ್ ಮಾತ್ರ ಹಾಕಿ ರಾತ್ರಿ ಇಡುತ್ತೇನೆ. ಓವನ್ ಆನ್ ಮಾಡಬಾರದು.

ಟೆಕ್ಕಿ_ಅಣ್ಣ:
ಇಷ್ಟೆಲ್ಲ ಯಾಕೆ? ಕರೆಂಟ್ ಕುಕ್ಕರಿನಲ್ಲಿ ಯೋಗರ್ಟ್ ಬಟನ್ ಇದೆ. ಒತ್ತಿ ಮಲಗಿ.

ಮೈಸೂರು_ಅಜ್ಜಿ:
ಎಲ್ಲರ ಮನೆಯಲ್ಲೂ ಅದು ಇರಬೇಕಲ್ಲಪ್ಪ. ಅಕ್ಕಿ ಡಬ್ಬ ಎಲ್ಲರ ಮನೆಯಲ್ಲೂ ಇದೆ. ಮೊಸರಿನ ಪಾತ್ರೆಗೆ ಬಟ್ಟೆ ಸುತ್ತಿ ಅಕ್ಕಿ ಮಧ್ಯೆ ಹೂತಿಟ್ಟರೆ ಬಿಸಿ ಎಲ್ಲಿಗೂ ಹೋಗುವುದಿಲ್ಲ. ಐವತ್ತು ವರ್ಷದಿಂದ ಮಾಡುತ್ತಿದ್ದೇನೆ.

ಟೆಕ್ಕಿ_ಅಣ್ಣ:
ಅಜ್ಜಿ, ನಿಮ್ಮ ಅಕ್ಕಿ ಡಬ್ಬವೂ ನನ್ನ ಕುಕ್ಕರೂ ಮಾಡುವ ಕೆಲಸ ಒಂದೇ, ಅದು ನಿಜ. ಆದರೆ ಉಗುರುಬೆಚ್ಚಗೆ ಅನ್ನುವ ಅಳತೆ ಒಬ್ಬೊಬ್ಬರಿಗೆ ಒಂದೊಂದು. ದಿನಾ ಒಲೆ ಮುಂದೆ ಇರುವ ನಿಮ್ಮ ಬೆರಳು ಬೇರೆ, ನನ್ನ ಬೆರಳು ಬೇರೆ. ಮುನ್ನೂರು ನಾನೂರು ರೂಪಾಯಿಗೆ ಅಡುಗೆ ಥರ್ಮಾಮೀಟರ್ ಬರುತ್ತದೆ. 43 ಡಿಗ್ರಿಗೆ ಹೆಪ್ಪು ಹಾಕಿ, ತಪ್ಪುವುದೇ ಇಲ್ಲ.

ಮೈಸೂರು_ಅಜ್ಜಿ:
ಬೆರಳಿಟ್ಟು ಹತ್ತು ಎಣಿಸು. ಐದಕ್ಕೇ ತೆಗೆಯಬೇಕು ಅನ್ನಿಸಿದರೆ ಬಿಸಿ ಜಾಸ್ತಿ. ಹತ್ತು ಎಣಿಸಿದ ಮೇಲೂ ಹಾಯಾಗಿದ್ದು ಬಿಸಿಯೇ ಗೊತ್ತಾಗದಿದ್ದರೆ ಕಡಿಮೆ. ಬೆರಳು ಮೊದಲು ತೊಳೆದಿರಬೇಕು, ಇದು ಮುಖ್ಯ.

ಡೈರಿ_ಮನುಷ್ಯ:
ಇಬ್ಬರದೂ ಸರಿ. ಕಲಿಯುವ ತನಕ ಥರ್ಮಾಮೀಟರ್ ಇಟ್ಟುಕೊಳ್ಳಿ, ಹದಿನೈದು ದಿನಕ್ಕೆ ಬೆರಳೇ ಕಲಿತುಕೊಳ್ಳುತ್ತದೆ. 50 ಡಿಗ್ರಿ ದಾಟಿದ ಹಾಲಿಗೆ ಮಾತ್ರ ಹೆಪ್ಪು ಹಾಕಬೇಡಿ, ಹೆಪ್ಪು ಸೋತುಹೋಗುತ್ತದೆ.

ಇನ್ನೊಂದು ವಿಷಯ. ಹೊಸಮನೆಯವರು ಉಕ್ಕು ಬಂದ ತಕ್ಷಣ ಆಫ್ ಮಾಡುತ್ತೇನೆ ಅಂದರು. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದು, ಸಾಮಾನ್ಯವಾಗಿ 72 ಡಿಗ್ರಿಯಲ್ಲಿ 15 ಸೆಕೆಂಡ್. ಕುಡಿಯಲು ಅದು ಸಾಕು, ಗಟ್ಟಿ ಮೊಸರಿಗೆ ಸಾಲದು. ಉಕ್ಕಿದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ, ಆಗಾಗ ಕೈಯಾಡಿಸಿ. ಬಿಸಿಗೆ ಹಾಲಿನ ತಿಳಿ ಭಾಗದ ಪ್ರೋಟೀನು ಬಿಚ್ಚಿಕೊಂಡು ಕೇಸಿನ್‌ಗೆ ಅಂಟಿಕೊಳ್ಳುತ್ತದೆ. ಆಗ ಬಲೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಅಮ್ಮನ ಮೊಸರು ಚಾಕುವಿಗೆ ಬರುತ್ತಿದ್ದದ್ದು ಇದಕ್ಕೇ ಇರಬೇಕು. ಅವರು ಎಷ್ಟು ಹೊತ್ತು ಕಾಯಿಸುತ್ತಿದ್ದರು, ಕೇಳಿ ನೋಡಿ.

ಹೊಸಮನೆ:
ಈಗಷ್ಟೇ ಅಮ್ಮನಿಗೆ ಫೋನ್ ಮಾಡಿದೆ. ಹಾಲು ಉಕ್ಕಿದ ಮೇಲೆ ಸಣ್ಣ ಉರಿಗೆ ಇಟ್ಟು, ದೇವರಮನೆ ಒರೆಸಿ ಬಂದು ಆಮೇಲೆ ಇಳಿಸುತ್ತಿದ್ದರಂತೆ. "ಇದನ್ನೂ ಹೇಳಿಕೊಡಬೇಕಿತ್ತಾ" ಅಂದರು. ನಾನು ಅದನ್ನು ನೋಡಿಯೇ ಇಲ್ಲ. ಬೆಳಿಗ್ಗೆ ಆ ಹೊತ್ತಿಗೆ ಕಾಲೇಜು ಬಸ್ಸಿಗೆ ಓಡುತ್ತಿದ್ದೆ.

ಈಗ ಹೊಸ ಹೆಪ್ಪು ಬೇಕು. ಅಕ್ಕಪಕ್ಕದವರ ಪರಿಚಯ ಅಷ್ಟಾಗಿ ಇಲ್ಲ.

ಬಸವನಗುಡಿ:
ಪರಿಚಯ ಆಗುವುದೇ ಹೆಪ್ಪು ಕೇಳುವುದರಿಂದ. ಒಂದು ಪುಟ್ಟ ಬಟ್ಟಲು ಹಿಡಿದುಕೊಂಡು ಹೋಗಿ. ಸಂಜೆ ದೀಪ ಹಚ್ಚಿದ ಮೇಲೆ ಮಾತ್ರ ಹೋಗಬೇಡಿ. ಎಷ್ಟೋ ಮನೆಗಳಲ್ಲಿ ಆ ಹೊತ್ತಿಗೆ ಉಪ್ಪು, ಹೆಪ್ಪು ಕೊಡುವುದಿಲ್ಲ. ಕೊಡಲು ಮನಸ್ಸಿದ್ದರೂ ಅವರಿಗೆ ಇರಿಸುಮುರಿಸು. ಬೆಳಿಗ್ಗೆಯೇ ಹೋಗಿ.

ಪ್ರಶ್ನೆ_ಪುಟ್ಟ:
ಇದೆಲ್ಲ ಮೂಢನಂಬಿಕೆ ಅಲ್ವಾ?

ಬಸವನಗುಡಿ:
ಇರಬಹುದು. ಕೊಡುವವರ ಮನೆ ರೀತಿಯನ್ನು ಕೇಳುವವರು ಗೌರವಿಸಿದರೆ ನಷ್ಟ ಏನಿಲ್ಲ. ನಾನೂ ನಂಬುವುದಿಲ್ಲ, ಆದರೂ ಬೆಳಿಗ್ಗೆಯೇ ಕೇಳುತ್ತೇನೆ.

ಶಿರಸಿ_ಸೊಸೆ:
ಹೆಪ್ಪೇ ಸಿಗದಿದ್ದರೆ ಮೆಣಸಿನಕಾಯಿ ತೊಟ್ಟು! ಲಾಕ್‌ಡೌನಿನಲ್ಲಿ ಮಾಡಿದ್ದೇನೆ. ಹಸಿಮೆಣಸಿನಕಾಯಿಯ ಎಂಟು ಹತ್ತು ತೊಟ್ಟು, ಟೋಪಿ ಸಮೇತ, ತೊಳೆದು ಅರ್ಧ ಲೀಟರ್ ಬೆಚ್ಚನೆ ಹಾಲಿಗೆ ಮುಳುಗಿಸಿಟ್ಟೆ. ಹನ್ನೆರಡು ಗಂಟೆ ಹಿಡಿಯಿತು. ಮೊದಲ ಮೊಸರು ಸಡಿಲ, ಅದನ್ನು ತಿನ್ನಲಿಲ್ಲ. ಅದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು. ಮೂರನೆಯ ದಿನಕ್ಕೆ ಒಳ್ಳೆಯ ಮೊಸರು.

ಪ್ರಶ್ನೆ_ಪುಟ್ಟ:
ಮೆಣಸಿನಕಾಯಿಗೂ ಮೊಸರಿಗೂ ಏನು ಸಂಬಂಧ? ಹಾಲು ಸುಮ್ನೆ ಇಟ್ಟರೂ ಒಡೆಯುತ್ತದಲ್ಲ.

ಡೈರಿ_ಮನುಷ್ಯ:
ಸಂಬಂಧ ಇದೆ. ಹಾಲು ಹುಳಿ ಮಾಡುವ ಬ್ಯಾಕ್ಟೀರಿಯಾ ಗಿಡ, ಎಲೆ, ಕಾಯಿಗಳ ಮೇಲೂ ಇರುತ್ತವೆ. ದೋಸೆ ಹಿಟ್ಟು ತಾನಾಗಿ ಹುದುಗುವುದೂ ಇಂಥವುಗಳಿಂದಲೇ. ಆದರೆ ತೊಟ್ಟಿನ ಜೊತೆ ಬೇರೆ ಯಾವುದು ಬರುತ್ತದೋ ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಶಿರಸಿಯವರು ಮೊದಲ ಮೊಸರು ತಿನ್ನದೇ ಬಿಟ್ಟದ್ದು ಒಳ್ಳೆಯದು. ಗುಲಾಬಿ ಬಣ್ಣ, ಬೂಷ್ಟು, ಕೆಟ್ಟ ವಾಸನೆ, ಗುಳ್ಳೆ ಕಂಡರೆ ಯೋಚಿಸದೆ ಚೆಲ್ಲಿ. ಪಕ್ಕದ ಮನೆಯ ಒಂದು ಚಮಚ ಹೆಪ್ಪು ಇದಕ್ಕಿಂತ ನೂರು ಪಾಲು ಮೇಲು.

ಕನ್ನಡ_ಪ್ಯಾಕೆಟ್:
ಅಂಗಡಿ ಮೊಸರಿನ ಮಾತು ಬಂತಲ್ಲ, 2023ರ ಮಾರ್ಚ್ ನೆನಪಾಯಿತು. ಪ್ಯಾಕೆಟ್ ಮೇಲೆ 'ದಹಿ' ಅಂತ ಮುಖ್ಯವಾಗಿ ಬರೆಯಬೇಕು, ಮೊಸರು ಅನ್ನುವುದು ಪಕ್ಕದಲ್ಲಿ ಇರಲಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿತ್ತು. ಇಲ್ಲೂ ತಮಿಳುನಾಡಿನಲ್ಲೂ ಜೋರು ವಿರೋಧ ಬಂತು. ಅದೇ ತಿಂಗಳು 30ಕ್ಕೆ, 'ಕರ್ಡ್' ಜೊತೆ ಮೊಸರು, ತಯಿರ್, ಪೆರುಗು ಅಂತ ಆಯಾ ಭಾಷೆಯ ಹೆಸರು ಹಾಕಬಹುದು ಅಂತ ಬದಲಿಸಿದರು. ನಾವು ದಿನಾ ತಿನ್ನುವ ವಸ್ತುವಿಗೆ ನಮ್ಮ ಹೆಸರು ಇರಬೇಕು. ನನಗೆ ಇದು ಸಣ್ಣ ವಿಷಯ ಅನ್ನಿಸಲೇ ಇಲ್ಲ.

ಹುಬ್ಬಳ್ಳಿ_ಗಡಿಗೆ:
ಸರಿಯಾಗಿ ಹೇಳಿದಿರಿ.

ಟೆಕ್ಕಿ_ಅಣ್ಣ:
ವಿಷಯ ಎಲ್ಲಿಗೋ ಹೋಯಿತು. ಹೊಸಮನೆಯವರೇ, ಏನಾಯಿತು?

ಪ್ರಯಾಣದ_ಬುತ್ತಿ:
ಅವರು ಬರುವುದರೊಳಗೆ ನನ್ನದೊಂದು. ಮೊಸರನ್ನ ಕಟ್ಟಿಕೊಂಡು ರೈಲು ಹತ್ತುವವರು ಅನ್ನಕ್ಕೆ ಪೂರ್ತಿ ಮೊಸರು ಹಾಕಬೇಡಿ. ಮೆತ್ತಗೆ ಮಾಡಿದ ಅನ್ನ ಬೆಚ್ಚಗಿರುವಾಗ ಹಾಲು ಹಾಕಿ ಕಲಸಿ, ಒಂದೇ ಚಮಚ ಮೊಸರು ಸೇರಿಸಿ. ಮಧ್ಯಾಹ್ನ ಡಬ್ಬ ತೆಗೆಯುವ ಹೊತ್ತಿಗೆ ಅದೇ ಮೊಸರನ್ನ ಆಗಿರುತ್ತದೆ, ಹುಳಿ ಇರುವುದಿಲ್ಲ. ಸಾಸಿವೆ, ಇಂಗು, ಶುಂಠಿ ಒಗ್ಗರಣೆ ಮೊದಲೇ ಹಾಕಬಹುದು. ದಾಳಿಂಬೆ ತಿನ್ನುವಾಗ ಹಾಕಿ.

ಹಿತ್ತಾಳೆ_ಪ್ರೇಮಿ:
ಮನೆಯಲ್ಲಿ ಹಿತ್ತಾಳೆ ಪಾತ್ರೆ ಇದೆ, ಅದರಲ್ಲಿ ಹೆಪ್ಪು ಹಾಕಬಹುದಾ?

ಮೈಸೂರು_ಅಜ್ಜಿ:
ಕಲಾಯಿ ಇಲ್ಲದಿದ್ದರೆ ಖಂಡಿತ ಬೇಡ. ಹುಳಿ ತಗುಲಿದರೆ ಕಿಲುಬು ಬರುತ್ತದೆ. ಅಲ್ಯೂಮಿನಿಯಂ ಕೂಡ ಬೇಡ. ಸ್ಟೀಲು, ಪಿಂಗಾಣಿ, ಗಾಜು, ಮಣ್ಣು ಸರಿ.

ಹೊಸಮನೆ:
ಬಂದೆ. ನಾಲ್ಕು ದಿನದ ವರದಿ ಕೊಡುತ್ತೇನೆ.

ಸೋಮವಾರ ಬೆಳಿಗ್ಗೆ ಎದುರುಮನೆಗೆ ಬಟ್ಟಲು ಹಿಡಿದು ಹೋದೆ. ಅವರು ಮಂಡ್ಯದ ಕಡೆಯವರು. ಹೆಪ್ಪಿನ ಜೊತೆ ಬಲವಂತದಿಂದ ಎರಡು ಕಡುಬನ್ನೂ ತಿನ್ನಿಸಿದರು. ಹಳೆಯ ಲೋಳೆ ಮೊಸರಿನ ಡಬ್ಬವನ್ನು ಸೋಪಿನಲ್ಲಿ ತೊಳೆದು, ಕುದಿಯುವ ನೀರು ಹಾಕಿ, ಬಿಸಿಲಿಗೆ ಇಟ್ಟೆ. ಹಾಲನ್ನು ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬಿಟ್ಟೆ. ಥರ್ಮಾಮೀಟರ್ ಇನ್ನೂ ಬಂದಿರಲಿಲ್ಲ, ಅಜ್ಜಿ ಹೇಳಿದಂತೆ ಹತ್ತು ಎಣಿಸಿದೆ. ಹಾಟ್‌ಬಾಕ್ಸ್ ಇಲ್ಲದ್ದರಿಂದ ಅಕ್ಕಿ ಡಬ್ಬ. ಬೆಳಿಗ್ಗೆ ಆರಕ್ಕೆ ನೋಡಿದರೆ ಹೆಪ್ಪಾಗಿತ್ತು. ಲೋಳೆ ಇರಲಿಲ್ಲ, ಆದರೆ ನಾನು ನೋಡುವ ಆತುರಕ್ಕೆ ಡಬ್ಬ ಅಲ್ಲಾಡಿಸಿ ಎತ್ತಿದೆ, ಒಡೆದು ನೀರು ಬಿಟ್ಟಿತು.

ಮಂಗಳವಾರ ಅಲ್ಲಾಡಿಸಲಿಲ್ಲ. ಹೆಪ್ಪಾದ ಮೇಲೆ ಮೆಲ್ಲಗೆ ಎತ್ತಿ ಫ್ರಿಜ್ಜಿನಲ್ಲಿ ಮೂರು ಗಂಟೆ ಇಟ್ಟು ಆಮೇಲೆ ತೆಗೆದೆ. ಚಮಚ ಹಾಕಿದರೆ ಗುಂಡಿ ಗುಂಡಿಯಾಗಿ ನಿಂತಿತು. ಬುಧವಾರ ಥರ್ಮಾಮೀಟರ್ ಬಂತು. ನನ್ನ ಹತ್ತು ಎಣಿಕೆ 41 ಡಿಗ್ರಿ ತೋರಿಸಿತು. ಅಜ್ಜಿ, ನಿಮಗೆ ದೊಡ್ಡ ನಮಸ್ಕಾರ.

ಮಾವನವರು ಮೊನ್ನೆ ಮೊಸರನ್ನ ಎರಡನೆಯ ಸಲ ಹಾಕಿಸಿಕೊಂಡರು. ಅವರು ಹಾಗೆ ಕೇಳಿ ಹಾಕಿಸಿಕೊಂಡದ್ದನ್ನು ನಾನು ಇದೇ ಮೊದಲು ನೋಡಿದ್ದು.

ಒಂದು ಅನುಮಾನ ಉಳಿದಿದೆ. ಮೊಸರಿನ ಮೇಲೆ ಅಲ್ಲಲ್ಲಿ ನೀರಿನ ಹನಿಯ ಗುಳಿ ಬೀಳುತ್ತಿವೆ. ಸುತ್ತ ಗಟ್ಟಿಯಾಗಿಯೇ ಇದೆ.

ಡೈರಿ_ಮನುಷ್ಯ:
ಬಹಳ ಸಂತೋಷ. ಮೊದಲ ದಿನ ಬಂದ ಹಸಿರು ಹಳದಿ ನೀರನ್ನು ಇನ್ನು ಮುಂದೆ ಚೆಲ್ಲಬೇಡಿ. ಆ ಬಣ್ಣ ರೈಬೊಫ್ಲೇವಿನ್ ಅನ್ನುವ ವಿಟಮಿನ್‌ನದು. ಚಪಾತಿ ಹಿಟ್ಟು ಕಲಸಲು ಚೆನ್ನಾಗಿರುತ್ತದೆ.

ಮಡಿಕೇರಿ_ಮಳೆ:
ಗುಳಿ ಬೀಳುವುದು ಮುಚ್ಚಳದ ಆವಿ ಹನಿಯಾಗಿ ಬೀಳುವುದರಿಂದ. ಮುಚ್ಚಳದ ಕೆಳಗೆ ಒಂದು ಒಣ ಕಾಟನ್ ಬಟ್ಟೆ ಎಳೆದು ಕಟ್ಟಿ, ಆಮೇಲೆ ಮುಚ್ಚಿ. ಬಟ್ಟೆ ಮೊಸರಿಗೆ ತಾಗದಂತೆ ಬಿಗಿಯಾಗಿರಲಿ.

ಹೊಸಮನೆ:
ಇವತ್ತು ರಾತ್ರಿಯೇ ಕಟ್ಟುತ್ತೇನೆ.